ಎರಡು ಲೀಟರಿನ ಹಾಟ್ ವಾಟರ್ ಬ್ಯಾಗ್: ಮೂರು ಚಳಿಗಾಲ ಬಳಸಿದ ಮೇಲೆ

ಸೊಂಟನೋವಿಗೆ ತಗೊಳ್ಳೋಣ ಅಂತ ನೋಡುತ್ತಿರುವವರಿಗೆ ಈ ಬರಹ ಸ್ವಲ್ಪ ಉದ್ದ ಅನ್ನಿಸಬಹುದು. ನನಗಿರುವುದು ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಊರು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡು (ಸೋಲಿಗರ ಹಾಡಿ), ಕೆಲಸ ಚಾಮರಾಜನಗರದಲ್ಲಿ. ಮಾರ್ಗಶಿರ ಬಂತೆಂದರೆ ಈ ಕೆಂಪು ರಬ್ಬರ್ ಚೀಲ ನನ್ನ ಹಾಸಿಗೆ ಬಿಟ್ಟು ಇಳಿಯುವುದಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ 240 ರೂಪಾಯಿ ಕೊಟ್ಟೆ. ಎರಡೂ ಮೈಗೆ ಗೀರುಗೀರು, ಬಾಯಿಗೆ ಲಾಳಿಕೆಯ ಆಕಾರ, ತಿರುಗಿಸಿ ಮುಚ್ಚುವ ಬಿರಡೆ. ಮೊದಲ ವಾರ ರಬ್ಬರ್ ವಾಸನೆ ಜೋರು, ಆಮೇಲೆ ಹೋಯಿತು.

ಶಾಖ ನನಗೆ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಹೇಳಲೇಬೇಕು. ಮೈಯ ಅತಿ ಸಣ್ಣ ರಕ್ತನಾಳಗಳು ಕೆಂಪು ಕಣಕ್ಕಿಂತಲೂ ಕಿರಿದು. ಬೇರೆಯವರ ಕಣ ಮೆತ್ತಗೆ ಮಡಚಿಕೊಂಡು ಅದರೊಳಗೆ ನುಸುಳಿ ಆಚೆ ಹೋಗುತ್ತದೆ. ನಮ್ಮ ಕಣದ ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಕಡ್ಡಿಯಂತಾಗುತ್ತದೆ, ಕಣ ಕುಡುಗೋಲಿನ ಹಾಗೆ ಬಾಗಿ ಸೆಟೆದುಕೊಳ್ಳುತ್ತದೆ. ಆದರೆ ಅದು ತಕ್ಷಣ ಆಗುವುದಲ್ಲ, ಚೂರು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಕಣ ಇಕ್ಕಟ್ಟು ದಾಟಿ ದೊಡ್ಡ ನಾಳ ಸೇರಿಬಿಟ್ಟರೆ ಬಚಾವ್. ಚಳಿಗೆ ನಾಳ ಮುದುಡಿದರೆ ಹರಿವು ನಿಧಾನ, ದಾಟುವ ಮೊದಲೇ ಕಣ ಸೆಟೆದುಕೊಳ್ಳುತ್ತದೆ, ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ನಮ್ಮ ಬೆಟ್ಟದ ತಿರುವಿನಲ್ಲಿ ಒಂದು ಬಸ್ಸು ಅಡ್ಡ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವಲ್ಲ, ಹಾಗೆ ರಕ್ತ ಕಟ್ಟಿಕೊಂಡು ಆ ಜಾಗ ನೋಯುತ್ತದೆ. ನೀರು ಕಡಿಮೆ ಕುಡಿದರೆ ಕಣದೊಳಗಿನ ಹಿಮೋಗ್ಲೋಬಿನ್ ಗಟ್ಟಿಯಾಗಿ ಆ ಚೂರು ಹೊತ್ತೂ ಸಿಗುವುದಿಲ್ಲ. ಅದಕ್ಕೇ ಬ್ಯಾಗಿನ ಪಕ್ಕದಲ್ಲಿ ಯಾವಾಗಲೂ ಒಂದು ತಂಬಿಗೆ ನೀರು ಇರುತ್ತದೆ.

ಇದು ಗೊತ್ತಿಲ್ಲದೆ ಆದ ಕಷ್ಟ ಒಂದಿದೆ. ಡಿಗ್ರಿ ಮೊದಲ ವರ್ಷ, ಹಾಸ್ಟೆಲು, ಡಿಸೆಂಬರ್ ರಾತ್ರಿ. ಬಲ ಮೊಣಕಾಲು ಊದಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಆಟದಲ್ಲಿ ಉಳುಕಿದೆ ಅಂದುಕೊಂಡು ಐಸ್ ಪ್ಯಾಕ್ ಕಟ್ಟಿದರು. ಅರ್ಧ ಗಂಟೆಯಲ್ಲಿ ಮೂಳೆಯೊಳಗೆ ಬೈರಿಗೆ ತಿರುವಿದ ಹಾಗಾಯಿತು. ಬೆಳಿಗ್ಗೆ ಅವ್ವ ಬಂದವಳು ಆ ಪ್ಯಾಕ್ ಬಿಚ್ಚಿ ಬಿಸಾಡಿ, ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಟ್ಟಳು. ಅವಳಿಗೆ ಹಿಮೋಗ್ಲೋಬಿನ್ ಅಂದರೆ ಏನಂತ ಗೊತ್ತಿರಲಿಲ್ಲ. ನನಗೆ ಚಳಿ ಆಗದು ಅನ್ನುವುದು ಗೊತ್ತಿತ್ತು. ಸಿಕಲ್ ಸೆಲ್ ಇದ್ದವರ ಮೈಗೆ ದಯವಿಟ್ಟು ಐಸ್ ಇಡಬೇಡಿ.

ಉಪ್ಪಿನ ಗಂಟು ಬೇಗ ಆರುತ್ತದೆ. ಕರೆಂಟಿಗೆ ಹಾಕಿ ಬಿಸಿ ಮಾಡುವ ಜೆಲ್ ಪ್ಯಾಡನ್ನೂ ಆನ್‌ಲೈನಿನಲ್ಲಿ ತರಿಸಿದ್ದೆ. ಒಂದು ಮೂಲೆ ಸುಡುತ್ತಿತ್ತು, ಇನ್ನೊಂದು ತಣ್ಣಗೇ ಇರುತ್ತಿತ್ತು, ನಾಲ್ಕೇ ತಿಂಗಳಿಗೆ ಅಂಚಿನಲ್ಲಿ ಜಿನುಗಿತು. ರಬ್ಬರ್ ಬ್ಯಾಗಿನ ಬಿಸಿ ಎಲ್ಲ ಕಡೆ ಒಂದೇ ಸಮ. ಮೊಣಕಾಲು ಎಂಥ ಆಕಾರದಲ್ಲಿ ಊದಿದ್ದರೂ ಅದಕ್ಕೆ ಒಗ್ಗಿ ಕೂರುತ್ತದೆ. ಟವೆಲಿನಲ್ಲಿ ಸುತ್ತಿಟ್ಟರೆ ನನ್ನ ರೂಮಿನಲ್ಲಿ ಸುಮಾರು ಮೂರು ಗಂಟೆ ಬೆಚ್ಚಗಿರುತ್ತದೆ. ಕರೆಂಟ್ ಹೋದ ರಾತ್ರಿಯೂ ಒಲೆಯ ನೀರು ಸಾಕು.

ತುಂಬುವುದಕ್ಕೊಂದು ಕ್ರಮ ಇದೆ. ಕುದಿಯುವ ನೀರು ಹಾಕಬೇಡಿ, ಸ್ವಲ್ಪ ಆರಲಿ. ಮುಕ್ಕಾಲಿಗಿಂತ ಕಡಿಮೆಯೇ ತುಂಬಿ, ಬ್ಯಾಗನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸುತ್ತಾ ನೀರು ಕತ್ತಿನವರೆಗೆ ಬಂದು ಗಾಳಿ ಹೊರಗೆ ಹೋದ ಮೇಲೆ ಬಿರಡೆ ತಿರುಗಿಸಿ. ಗಾಳಿ ಉಳಿದರೆ ಬಲೂನಿನಂತೆ ಉಬ್ಬಿ ಕಾಲಿನಿಂದ ಜಾರುತ್ತದೆ. ಬರೀ ಮೈಗೆ ಇಡಬೇಡಿ, ಅದರ ಮೇಲೆ ಮಲಗಿ ನಿದ್ದೆ ಹೋಗಬೇಡಿ. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಚರ್ಮ ನೋಡಿಕೊಳ್ಳುತ್ತೇನೆ.

ತೊಂದರೆ ಇರುವುದು ಬಿರಡೆಯ ವಾಷರಿನಲ್ಲಿ. ಎರಡನೇ ವರ್ಷಕ್ಕೆ ಗಟ್ಟಿಯಾಗಿ ಸೀಳಿತು, ನಡುರಾತ್ರಿ ಹಾಸಿಗೆಯೆಲ್ಲ ಒದ್ದೆ. ಒದ್ದೆ ಹಾಸಿಗೆಯ ಚಳಿ ನನ್ನಂಥವಳಿಗೆ ಸಣ್ಣ ವಿಷಯವಲ್ಲ, ಮಾರನೇ ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ವಾಷರ್ ಬಿಡಿಯಾಗಿ ಎಲ್ಲೂ ಸಿಗಲಿಲ್ಲ, ಹೊಸ ಬ್ಯಾಗೇ ತಗೊಂಡೆ. ತುಂಬಿದಾಗ ಎರಡು ಲೀಟರಿನದು ಭಾರವೂ ಹೌದು, ಊದಿದ ಕಾಲಿನ ಮೇಲೆ ಆ ತೂಕ ತಡೆಯುವುದು ಕಷ್ಟ. ಪಕ್ಕಕ್ಕೆ ಒರಗಿಸಿ ಇಟ್ಟುಕೊಳ್ಳುತ್ತೇನೆ.

ಇದು ಔಷಧಿಯಲ್ಲ, ಮೂಳೆಯೊಳಗೆ ಕಟ್ಟಿಕೊಂಡದ್ದನ್ನು ಇದು ಬಿಡಿಸುತ್ತದೆ ಅಂತ ನಾನು ಹೇಳುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಹಲ್ಲುಕಚ್ಚಿ ತಡೆಯುವಷ್ಟಕ್ಕೆ ಇಳಿಯುತ್ತದೆ. ದಿನಾ ರಾತ್ರಿ ನುಂಗುವ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಮಾಡುವ ಕೆಲಸವೇ ಬೇರೆ. ಅದು ಹಸುಗೂಸಿನ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಹೆಚ್ಚಿಸಿ, ಕಡ್ಡಿಗಟ್ಟುವುದನ್ನೇ ತಡೆಯುತ್ತದೆ. ಜ್ವರ, ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಇದರಲ್ಲಿ ಯಾವುದು ಬಂದರೂ ಬ್ಯಾಗ್ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಕೂಸುಗಳ ಕೈಬೆರಳು, ಪಾದ ಊದಿದರೆ ಮನೆಯಲ್ಲಿ ಶಾಖ ಕೊಡುತ್ತಾ ಕೂರಬೇಡಿ. ಅವುಗಳ ಚರ್ಮ ಬೇಗ ಸುಡುತ್ತದೆ, ಮೊದಲು ಡಾಕ್ಟರಿಗೆ ತೋರಿಸಿ.

ನಮ್ಮ ಬೆಟ್ಟಕ್ಕೆ ದೂರವೇನೂ ಅಲ್ಲದ ನೀಲಗಿರಿಯ ಬುಡಕಟ್ಟಿನವರ ರಕ್ತದಲ್ಲಿ ಈ ಕಣ ಪತ್ತೆಯಾಗಿದ್ದು 1952ರಲ್ಲಿ. ನನಗೆ ಹದಿನಾಲ್ಕು ತುಂಬುವವರೆಗೂ ಕಂಡವರೆಲ್ಲ ವಾತ ಅಂತಲೇ ಹೇಳುತ್ತಿದ್ದರು. 2023ರಲ್ಲಿ ಕೇಂದ್ರದ ಸಿಕಲ್ ಸೆಲ್ ಮಿಷನ್ ಶುರುವಾಯಿತು, ತಪಾಸಣೆ ಮಾಡಿ ಕಾರ್ಡ್ ಕೊಡುತ್ತಾರೆ, ಒಳ್ಳೆಯದೇ. ಕಾಯಿಲೆ ಇದೆ ಅಂತ ಗೊತ್ತಾದವರಿಗೆ ಆ ಕಾರ್ಡಿನ ಜೊತೆ ಇಂಥದ್ದೊಂದು ಬ್ಯಾಗನ್ನೂ ಕೈಗಿಟ್ಟು, ತುಂಬುವುದು ಹೇಗೆ ಅಂತ ತೋರಿಸಿ ಕಳಿಸಬೇಕು ಅಂತ ನನ್ನ ಆಸೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಳ್ಳುವಾಗ ಅಂಗಡಿಯಲ್ಲೇ ತಣ್ಣೀರು ತುಂಬಿಸಿ, ತಲೆಕೆಳಗು ಮಾಡಿ ಒತ್ತಿ ನೋಡಿ. ಕಳೆದ ವಾರ ಅತ್ತೆಯ ಮಗನಿಗೂ ಒಂದು ತಗೊಂಡೆ, ಒಂದು ಲೀಟರಿನದು. ನಾಳೆ ಬೆಳಗಿನ ಬಸ್ಸಿಗೆ ಪೋಡಿಗೆ ಹೋಗುತ್ತದೆ.