ಮಳೆಗೆ ಜಗ್ಗದ ಲೇಬಲ್ ಎಂದು ಮಾರಿದರು, ಬಿಸಿಲಿಗೆ ಹೆಸರೇ ಉಳಿಯಲಿಲ್ಲ

ತೋಟದ ಗಿಡಗಳಿಗೆ ಹೆಸರಿನ ಲೇಬಲ್ ಮಾಡಿಸಲು ಹೊರಟವರು, ಅದರಲ್ಲೂ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯವರು, ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಗರದ ಮುದ್ರಣದ ಅಂಗಡಿಯೊಂದು ಮಾಡಿಕೊಟ್ಟ ಲೇಬಲ್‌ಗಳಿಂದ ನಮ್ಮ ಮಾವಿನ ಸಾಲುಗಳ ಗುರುತು ಅಳಿಸಿಹೋಯಿತು. ಅವುಗಳ ಜೊತೆ ಬಂದ ತಂತಿಯಿಂದ ಕೆಲವು ಗಿಡಗಳೂ ಸತ್ತವು. ಅಂಗಡಿಯ ಹೆಸರು ಇಲ್ಲಿ ಬೇಡ. ಸರಕನ್ನು ಗುರುತಿಸುವುದು ನಿಮಗೆ ತಿಳಿದರೆ ಸಾಕು.

ನಮ್ಮದು ಹೊಳಲ್ಕೆರೆ ರಸ್ತೆಯ ಕಡೆಯ ಕೆಂಪು ಮಣ್ಣಿನ ಜಮೀನು. ಬಾದಾಮಿ, ರಸಪುರಿ, ಮಲ್ಲಿಕಾ, ಮಲಗೋವಾ ಕಸಿ ಗಿಡಗಳನ್ನು ಹಾಕಿದ್ದೆವು. ಜೊತೆಗೆ ಮಲೆನಾಡಿನ ನೆಂಟರು ಕೊಟ್ಟ ಅಪ್ಪೆಮಿಡಿಯೂ ಇತ್ತು. ಎಳೆಯ ಮಾವಿನ ಗಿಡದ ಎಲೆ ನೋಡಿ ಇದು ರಸಪುರಿ, ಇದು ಮಲ್ಲಿಕಾ ಎಂದು ಹೇಳುವುದು ಅನುಭವಸ್ಥರಿಗೂ ಕಷ್ಟ. ಕಸಿ ಗಿಡ ಕಾಯಿ ಬಿಡಲು ಮೂರು ನಾಲ್ಕು ವರ್ಷವಾದರೂ ಬೇಕು. ಅಲ್ಲಿಯವರೆಗೆ ಗಿಡದ ಹೆಸರು ಉಳಿಯುವುದು ಲೇಬಲ್‌ನಲ್ಲಿ ಮಾತ್ರ. ಅದು ಹೋದರೆ ಯಾವ ಗಿಡ ಸತ್ತಿತು, ಆ ಜಾಗಕ್ಕೆ ಯಾವುದನ್ನು ತರಬೇಕು, ಕಸಿ ಕಡ್ಡಿ ಕೇಳಿದವರಿಗೆ ಯಾವ ಗಿಡದಿಂದ ಕೊಡಬೇಕು ಎಂಬುದು ಒಂದೂ ತಿಳಿಯುವುದಿಲ್ಲ.

ಅಂಗಡಿಯವರು ಕೊಟ್ಟದ್ದು ತೆಳುವಾದ ಬಿಳಿ ಪ್ಲಾಸ್ಟಿಕ್ ಹಾಳೆ. ಮೇಲೆ ಹಸಿರು, ಕೆಂಪು ಅಕ್ಷರಗಳ ಸ್ಟಿಕ್ಕರ್, ಅದರ ಮೇಲೆ ಲ್ಯಾಮಿನೇಷನ್, ಮೂಲೆಯಲ್ಲಿ ರಂಧ್ರ, ರಂಧ್ರಕ್ಕೆ ಕಬ್ಬಿಣದ ತಂತಿ. ಹತ್ತು ವರ್ಷ ಏನೂ ಆಗುವುದಿಲ್ಲ ಎಂದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬಟ್ಟೆಯಿಂದ ಉಜ್ಜಿ ತೋರಿಸಿದರು. ನೀರಿನಲ್ಲಿ ನಿಜಕ್ಕೂ ಏನೂ ಆಗಲಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ನೀರನ್ನು ಎದುರಿಸುವ ದಿನ ಎಷ್ಟು? ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಹಿರಿಯೂರು ಸೇರಿವೆ. ಇಲ್ಲಿ ಲೇಬಲ್ ಎದುರಿಸಬೇಕಾದದ್ದು ಬಿಸಿಲನ್ನು, ಆಮೇಲೆ ಗಾಳಿಯನ್ನು. ಇವೆರಡರ ಮಾತನ್ನು ಅಂಗಡಿಯವರು ಎತ್ತಲೇ ಇಲ್ಲ.

ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಕೆಂಪು ಅಕ್ಷರಗಳು ಮಾಯವಾಗಿದ್ದವು. ಹಸಿರು ಅಕ್ಷರಗಳು ತಿಳಿನೀಲಿಯಾಗಿ, ಹತ್ತಿರ ಹೋದರೆ ಮಾತ್ರ ಕಾಣುವಂತಿದ್ದವು. ಸೂರ್ಯನ ಅತಿನೇರಳೆ ಕಿರಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಸಾಮಾನ್ಯ ಮುದ್ರಣದ ಶಾಯಿಯಲ್ಲಿ ಹಳದಿ ಮತ್ತು ಕೆಂಪು ಮೊದಲು ಹೋಗುತ್ತವೆ, ನೀಲಿ ಹೆಚ್ಚು ಕಾಲ ತಡೆಯುತ್ತದೆ. ದಾವಣಗೆರೆಯ ಗೋಡೆಗಳ ಮೇಲಿನ ಹಳೆಯ ಸಿನಿಮಾ ಪೋಸ್ಟರ್‌ಗಳು ನೀಲಿಗಟ್ಟಿ ನಿಲ್ಲುವುದಕ್ಕೂ ಇದೇ ಕಾರಣ. ಅಂಗಡಿಯಲ್ಲಿ ಸಿಗುವ ಮಾರ್ಕರ್ ಪೆನ್ನುಗಳ ಗತಿಯೂ ಬಹುಮಟ್ಟಿಗೆ ಇಷ್ಟೇ. ನೀರಿಗೆ ಅಳಿಸದ ಶಾಯಿ ಬಿಸಿಲಿಗೆ ಅಳಿಸುತ್ತದೆ. ಪೆನ್ಸಿಲಿನ ಗೆರೆ ಹಾಗಲ್ಲ. ಅದು ಗ್ರಾಫೈಟ್, ಅಂದರೆ ಇಂಗಾಲ. ಬೆಳಕು ಅದನ್ನು ಮಾಸಿಸಲಾರದು. ನುಣುಪಿಲ್ಲದ ಮೇಲ್ಮೈಯಲ್ಲಿ ಒತ್ತಿ ಬರೆದ ಮೆತ್ತನೆಯ ಪೆನ್ಸಿಲಿನ ಅಕ್ಷರ ಈ ಬಣ್ಣದ ಮುದ್ರಣಕ್ಕಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಇಷ್ಟು ಅಗ್ಗದ ವಸ್ತು ಮಾಡುವ ಕೆಲಸವನ್ನು ಮಾಡಲಾಗದ ಸರಕಿಗೆ ಅವರು ಅಷ್ಟು ಹಣ ತೆಗೆದುಕೊಂಡರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಲ್ಯಾಮಿನೇಷನ್ ಮಾಡಿದ ಮೇಲೆ ರಂಧ್ರ ಕೊರೆದಿದ್ದರು. ಮುಚ್ಚಿದ ಅಂಚನ್ನು ತಾವೇ ತೆರೆದಂತಾಯಿತು. ಆ ರಂಧ್ರದಿಂದ ಇಬ್ಬನಿ, ಮಳೆನೀರು ಒಳಗೆ ಇಳಿದು ಕಪ್ಪು ಬೂಷ್ಟು ಹಿಡಿಯಿತು. ಅಷ್ಟರಲ್ಲಿ ಆಷಾಢ ಬಂತು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ತಿಂಗಳ ಗಾಳಿಗೆ ತೂಗುಹಾಕಿದ ಹಾಳೆ ಹಗಲುರಾತ್ರಿ ಬಡಿದಾಡುತ್ತದೆ. ಬಿಸಿಲಿಗೆ ಪೆಡಸಾಗಿದ್ದ ಪ್ಲಾಸ್ಟಿಕ್ ರಂಧ್ರದ ಬಳಿ ಸೀಳಿ ಒಂದೊಂದಾಗಿ ಉದುರಿತು. ಹನಿ ನೀರಾವರಿಯ ಪೈಪು ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದರೂ ತಾಳಿಕೊಳ್ಳುವುದು ಅದರೊಳಗೆ ಕಲೆಸಿದ ಕಪ್ಪು ಇಂಗಾಲದ ಪುಡಿಯಿಂದ. ಬಿಳಿ ಪ್ಲಾಸ್ಟಿಕ್‌ನಲ್ಲಿ ಅಂಥ ರಕ್ಷಣೆಯೇನಾದರೂ ಇದೆಯೇ ಎಂದು ಮಾರುವವರನ್ನು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. ತಂತಿಯ ಕಥೆ ಬೇರೆ. ಅಂಗಡಿಯವರು ಕಳಿಸಿದ ಹುಡುಗರೇ ಬಂದು ತಂತಿಯನ್ನು ಮುಖ್ಯ ಕಾಂಡಕ್ಕೆ ಸುತ್ತಿ, ಇಕ್ಕಳದಿಂದ ಬಿಗಿದು ಹೋಗಿದ್ದರು. ಗಿಡ ದಪ್ಪವಾಗುತ್ತದೆ, ತಂತಿ ಹಿಗ್ಗುವುದಿಲ್ಲ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ತಂತಿ ಆ ಪದರವನ್ನು ಸುತ್ತಲೂ ಕತ್ತರಿಸಿದರೆ ಆಹಾರ ಮೇಲೆಯೇ ತಡೆದು ನಿಲ್ಲುತ್ತದೆ. ತಂತಿಯ ಮೇಲ್ಭಾಗದಲ್ಲಿ ಕಾಂಡ ಉಬ್ಬುತ್ತದೆ, ಕೆಳಭಾಗ ಸಣಕಲಾಗಿಯೇ ಉಳಿಯುತ್ತದೆ, ಬೇರು ಉಪವಾಸ ಬೀಳುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುವುದರಿಂದ ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಲ್ಲಿ ಕೆಲವು ಗಿಡ ಒಣಗಿದವು, ಕೆಲವು ಅದೇ ಉಬ್ಬಿನ ಕೆಳಗೆ ಗಾಳಿಗೆ ಮುರಿದವು. ನಿಮ್ಮ ತೋಟದಲ್ಲಿ ಯಾರಾದರೂ ಹೀಗೆ ತಂತಿ, ನೈಲಾನ್ ದಾರ ಅಥವಾ ಪ್ಲಾಸ್ಟಿಕ್ ಬಿಗಿಪಟ್ಟಿ ಕಟ್ಟಿ ಹೋಗಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ಬಿಚ್ಚಿ. ನರ್ಸರಿಯಿಂದ ಬಂದ ಗಿಡದ ಕಸಿ ಗಂಟಿನ ಪ್ಲಾಸ್ಟಿಕ್ ಪಟ್ಟಿಯನ್ನೂ, ಕಸಿ ಕೂಡಿಕೊಂಡ ಮೇಲೆ, ನೋಡಿ ತೆಗೆಯಿರಿ. ಅದೂ ಇದೇ ಕೆಲಸ ಮಾಡುತ್ತದೆ.

ಲೇಬಲ್ ಮೇಲೆ ಕ್ಯೂಆರ್ ಕೋಡ್ ಕೂಡ ಇತ್ತು. ಮೊಬೈಲ್ ಹಿಡಿದರೆ ತಳಿಯ ವಿವರ ಬರುತ್ತಿತ್ತು. ಕೋಡ್ ಮಾಸುವ ಮುಂಚೆಯೇ ಆ ಪುಟ ನಿಂತುಹೋಯಿತು. ಗಿಡದ ಹೆಸರು ಗಿಡದ ಬಳಿಯೇ ಕಣ್ಣಿಗೆ ಕಾಣುವಂತೆ ಇರಬೇಕು.

ಕೇಳಲು ಹೋದಾಗ, ತಾವು ಮಾತು ಕೊಟ್ಟದ್ದು ನೀರಿಗೆ ಮಾತ್ರ ಎಂದರು. ಅವರು ಬರೆದುಕೊಟ್ಟಿದ್ದ ಬಿಳಿ ಚೀಟಿಯಲ್ಲಿ ಹತ್ತು ವರ್ಷದ ಮಾತೇ ಇರಲಿಲ್ಲ. ಆದ್ದರಿಂದ ಬಿಲ್ಲಿನ ಮೇಲೆಯೇ ‘ಬಿಸಿಲಿಗೆ ಇಷ್ಟು ವರ್ಷ’ ಎಂದು ಬರೆಸಿಕೊಳ್ಳಿ. ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈಗ ನಾವು ಅಲ್ಯೂಮಿನಿಯಂ ಬಿಲ್ಲೆಗೆ ಬಂದಿದ್ದೇವೆ. ಹಾರ್ಡ್‌ವೇರ್ ಅಂಗಡಿಯ ತೆಳು ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ, ಚೂಪಾದ ಅಂಚನ್ನು ಅರದಿಂದ ಉಜ್ಜಿ, ಕೆಳಗೆ ಹಳೆಯ ದಿನಪತ್ರಿಕೆಯ ಮಡಿಕೆ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಬರೆಯುವುದು. ಅಲ್ಲಿ ಮಾಸಲು ಬಣ್ಣವೇ ಇಲ್ಲ, ಲೋಹದಲ್ಲಿ ಬಿದ್ದ ಗೆರೆ ಇದೆ. ಲೋಹದ ಮೇಲೆ ಬಡಿದು ಮೂಡಿಸುವ ಅಕ್ಷರದ ಅಚ್ಚುಗಳೂ ಇವೆ, ಆದರೆ ಅಂಗಡಿಯಲ್ಲಿ ನಮಗೆ ಸಿಕ್ಕವು ಇಂಗ್ಲಿಷಿನವು. ಪೆನ್ನಿನಲ್ಲಾದರೆ ಒತ್ತಕ್ಷರವೂ ಸೇರಿ ಕನ್ನಡದಲ್ಲೇ ಬರೆಯಬಹುದು, ತೋಟದಲ್ಲಿ ಕೆಲಸ ಮಾಡುವ ಎಲ್ಲರೂ ಓದಬಹುದು. ಕಟ್ಟಲು ಅಲ್ಯೂಮಿನಿಯಂ ತಂತಿಯನ್ನೇ ಬಳಸಿ. ತಾಮ್ರದ ತಂತಿ ತಾಕಿದ ಕಡೆ, ತೇವ ಸೇರಿದರೆ, ಅಲ್ಯೂಮಿನಿಯಂ ಸವೆಯುತ್ತದೆ. ಅದೇ ಕಾರಣಕ್ಕೆ ಅಡಿಕೆಗೆ, ದಾಳಿಂಬೆಗೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವವರು ಬಿಲ್ಲೆಗಳನ್ನು ಮೊದಲು ತೆಗೆದಿಡುವುದು ಒಳ್ಳೆಯದು. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಲವಣ. ಬಿಲ್ಲೆಯನ್ನು ಕಾಂಡಕ್ಕೆ ಕಟ್ಟದೆ ಪಕ್ಕದ ಕೊಂಬೆಗೆ ಕೈ ಆಡುವಷ್ಟು ಸಡಿಲವಾದ ಕುಣಿಕೆಯಲ್ಲಿ ತೂಗುಬಿಡಿ, ವರ್ಷಕ್ಕೊಮ್ಮೆ ಕುಣಿಕೆ ಬದಲಿಸಿ. ಮರದ ಗೂಟ, ಬಿದಿರಿನ ಕಡ್ಡಿ ನಮ್ಮ ಮಣ್ಣಿಗೆ ಬೇಡ. ಗೆದ್ದಲು ಬಿಡುವುದಿಲ್ಲ.

ಇದರ ಜೊತೆಗೆ ಒಂದು ನಕ್ಷೆ ಇರಲೇಬೇಕು. ಕೊಳವೆಬಾವಿಯಂಥ ಕದಲದ ಗುರುತಿನಿಂದ ಸಾಲು ಎಣಿಸಿ, ಸಾಲಿನಲ್ಲಿ ಗಿಡದ ಸಂಖ್ಯೆ ಎಣಿಸಿ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ಬಿಲ್ಲೆಯನ್ನು ಮಂಗ ಕಿತ್ತರೂ ಹೆಸರು ಉಳಿಯುತ್ತದೆ.

ಇಷ್ಟಾಗಿಯೂ ಅಂಗಡಿಯಲ್ಲೇ ಮಾಡಿಸಬೇಕೆಂದರೆ, ಮೊದಲು ಒಂದೇ ಒಂದು ಮಾದರಿ ತನ್ನಿ. ಅದರ ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಸುತ್ತಿ, ಇನ್ನರ್ಧ ತೆರೆದಿಟ್ಟು, ದಿನವಿಡೀ ಬಿಸಿಲು ಬೀಳುವ ತಾರಸಿಯಲ್ಲಿ ಶಿವರಾತ್ರಿಯಿಂದ ಮುಂಗಾರಿನವರೆಗೆ ಕಟ್ಟಿಡಿ. ಬಿಚ್ಚಿದಾಗ ಎರಡು ಅರ್ಧಗಳ ನಡುವೆ ಬಣ್ಣದ ವ್ಯತ್ಯಾಸ ಕಂಡರೆ, ಅಥವಾ ಮೂಲೆ ಬಗ್ಗಿಸಿದಾಗ ಚಟ್ಟನೆ ಮುರಿದರೆ, ಆ ಅಂಗಡಿಗೆ ಮತ್ತೆ ಹೋಗಬೇಡಿ.