ಬಾಂಗಡೆಗೆ 4 ಸ್ಟಾರ್, ಸೋಲ್‌ಕಡಿಗೆ 2

ಕಾರವಾರ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಖಾನಾವಳಿ. ಬೋರ್ಡೂ ಇಲ್ಲ. ಬಾಂಗಡೆ ಫ್ರೈ ಮೇಲೆ ರವೆ ಗರಿಗರಿ, ಒಳಗೆ ಮೆತ್ತಗೆ. ಸೋಲ್‌ಕಡಿಗೆ (ಕೋಕಂ, ತೆಂಗಿನಹಾಲಿನ ಪಾನೀಯ) ಮಾತ್ರ ನೀರು ಜಾಸ್ತಿ, ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಒಂದೂವರೆ ದಾಟಿದರೆ ಮೀನು ಖಾಲಿ.

ಜಾಗ ಕಮ್ಮಿ, ಅಪರಿಚಿತರ ಜೊತೆಗೇ ಕೂರಬೇಕು. ನನಗೆ ಸಿಕ್ಕಿದ್ದು ಇಬ್ಬರು ನಿವೃತ್ತ ಗುಮಾಸ್ತರು. ಮಾತು ಸ್ನೋಡೆನ್ ಬಗ್ಗೆ, ಅಮೆರಿಕ ಸರ್ಕಾರ ಜನರ ಮೇಲೆ ಕಣ್ಣಿಟ್ಟಿದ್ದ ಗುಟ್ಟು ಬಯಲು ಮಾಡಿ ರಷ್ಯಾ ಸೇರಿದವರು!

"ತಪ್ಪು ಮಾಡಿಲ್ಲ ಅಂದ್ರೆ ಕೋರ್ಟಿಗೆ ಬರಬೇಕಿತ್ತು ಮಾರಾಯ. ವಿಯೆಟ್ನಾಂ ಯುದ್ಧದ ಗುಪ್ತ ಕಡತ ಪತ್ರಿಕೆಗೆ ಕೊಟ್ಟ ಎಲ್ಸ್‌ಬರ್ಗ್ 1971ರಲ್ಲಿ ತಾನಾಗೇ ಶರಣಾಗಲಿಲ್ವಾ? 1973ರಲ್ಲಿ ಕೇಸೇ ಬಿದ್ದುಹೋಯ್ತು."

ಇನ್ನೊಬ್ಬರು ಮುಳ್ಳು ಬಿಡಿಸುತ್ತಲೇ ಹೇಳಿದರು: "ವಿಕಿಲೀಕ್ಸ್‌ಗೆ ಅಮೆರಿಕ ಸೇನೆಯ ಗುಟ್ಟು ಕೊಟ್ಟ ಮ್ಯಾನಿಂಗ್‌ಗೆ 35 ವರ್ಷ ಜೈಲು ಹಾಕಿದ್ದು ಮರೆತ್ಯಾ? ಒಬಾಮಾ ಶಿಕ್ಷೆ ಇಳಿಸಿದ್ದಕ್ಕೆ 2017ರಲ್ಲಿ ಹೊರಗೆ ಬಂದದ್ದು. ಅದು 1917ರ ಬೇಹುಗಾರಿಕೆ ಕಾಯ್ದೆ. ಜನರ ಒಳ್ಳೇದಕ್ಕೆ ಮಾಡಿದೆ ಅಂದ್ರೆ ಕೇಳೋರಿಲ್ಲ."

ನಾನೂ ಬಾಯಿ ಹಾಕಿದೆ. ಎಲ್ಸ್‌ಬರ್ಗ್ ವಿಚಾರಣೆ ವೇಳೆ ಜಾಮೀನಿನ ಮೇಲೆ ಹೊರಗಿದ್ದರು, ಮಾತಾಡಬಹುದಿತ್ತು. ಕಾಲ ಬದಲಾಗಿದೆ, ಸ್ನೋಡೆನ್ ದೇಶ ಬಿಟ್ಟಿದ್ದೇ ಸರಿ ಅಂತ 2013ರಲ್ಲಿ ಎಲ್ಸ್‌ಬರ್ಗ್ ಅವರೇ ಬರೆದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ 2022ರಲ್ಲಿ ಸ್ನೋಡೆನ್‌ಗೆ ಸಿಕ್ಕ ರಷ್ಯಾ ಪೌರತ್ವ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ, ನುಂಗಲೂ ಆಗಲ್ಲ.

ಅಷ್ಟರಲ್ಲಿ ಹುಡುಗ ಬಂದು ಎಲೆ ಎತ್ತಿದ. ಏಳಿ ಅಂತ ಅರ್ಥ. ಚಿಲ್ಲರೆ ಇಟ್ಟುಕೊಂಡು ಹೋಗಿ, 500ರ ನೋಟು ಕೊಟ್ಟರೆ ಮುಖ ಗಂಟು.