ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು: ಒಂದೇ ಅಳತೆಯ ಎರಡು ರೀಫ್ ಟ್ಯಾಂಕ್

ಒಂದು ಟ್ಯಾಂಕ್ ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಿದೆ. ಇನ್ನೊಂದು ಸುರತ್ಕಲ್‌ನಲ್ಲಿ, ಅಕ್ಕ-ಭಾವನ ಮನೆಯಲ್ಲಿ. ಎರಡೂ ಹವಳ, ಮೀನು ಸಾಕಲು ನಾವೇ ಕಟ್ಟಿದ ಉಪ್ಪುನೀರಿನ ಟ್ಯಾಂಕ್‌ಗಳು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 10 ಎಂಎಂ ಗಾಜು, ಕೆಳಗೆ ಫಿಲ್ಟರ್, ಪಂಪ್ ಇಡಲು 2 ಅಡಿಯ ಇನ್ನೊಂದು ತೊಟ್ಟಿ, ಅದೇ ಸಂಪ್. ಮೇಲಿನದು ತುಂಬಿದರೆ ಸುಮಾರು 190 ಲೀಟರ್ ನೀರು. ಅಂಟಿಸಿದ್ದು ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್‌ನಿಂದ. ಬಾತ್‌ರೂಮಿಗೆ ಅಂತ ಬೂಷ್ಟು ತಡೆಯುವ ಔಷಧಿ ಸೇರಿಸಿ ಮಾರುತ್ತಾರಲ್ಲ, ಅದನ್ನು ಮುಟ್ಟಲಿಲ್ಲ.

ಒಂದೇ ಥರ ಇದ್ದದ್ದು ಅಷ್ಟೇ. ನೀರು, ಕಲ್ಲು, ತಂಪು, ಫಿಲ್ಟರ್, ಪ್ರತಿಯೊಂದಕ್ಕೂ ನಾನು ಒಂದು ದಾರಿ ಹಿಡಿದರೆ ಭಾವ ಇನ್ನೊಂದು ಹಿಡಿದರು. ಕೆಲವನ್ನು ಅದಲುಬದಲು ಮಾಡಿಯೂ ನೋಡಿದೆವು. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಕೇಳುವುದು ನಿಮ್ಮ ಊರು ಯಾವುದು ಅಂತ. ಇಲ್ಲಿ ಗೆದ್ದದ್ದು ಅಲ್ಲಿ ಸೋತಿದೆ, ಅಲ್ಲಿ ಗೆದ್ದದ್ದು ಇಲ್ಲಿ.

ಮೊದಲು ನೀರಿನ ವಿಷಯ. ಜಗಳ ಜಾಸ್ತಿ ಆಗಿದ್ದು ಇದರಲ್ಲೇ.

"ಎಂತ ಮಾರಾಯ, ಮನೆ ಹಿಂದೆ ಸಮುದ್ರ ಇಟ್ಟುಕೊಂಡು ಪ್ಯಾಕೆಟ್ ಉಪ್ಪು ಕೊಂಡುಕೊಳ್ಳುವುದಾ?" ಇದು ಭಾವನ ಮಾತು. ಮಾತಿನಲ್ಲಿ ನ್ಯಾಯವಿದೆ. ಬೇಸಿಗೆಯಲ್ಲಿ, ದಡದಿಂದ ಚೆನ್ನಾಗಿ ಆಚೆ ಹೋಗಿ ದೋಣಿಯಿಂದ ತುಂಬಿಸಿದ ನೀರಿಗೆ ಸಾಟಿ ಇಲ್ಲ. ಅವರ ಪರಿಚಯದ ದೋಣಿಯವರೊಬ್ಬರು 20 ಲೀಟರಿನ ಕ್ಯಾನ್‌ಗಳಲ್ಲಿ ತಂದುಕೊಡುತ್ತಾರೆ. ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಡ್ರಮ್‌ಗೆ ಸುರಿದು, ಒಂದು ಸಣ್ಣ ಪಂಪ್ ಬಿಟ್ಟು, ಬೆಳಕು ತಾಗದ ಹಾಗೆ ಎರಡು ವಾರ ಇಡುತ್ತಾರೆ. ನೀರಿನಲ್ಲಿದ್ದ ಸಣ್ಣ ಜೀವಿಗಳು ಸತ್ತು ಕೊಳೆತು ತಳ ಸೇರುತ್ತವೆ, ಮೇಲಿನ ನೀರು ಸ್ಫಟಿಕದ ಹಾಗೆ ಇರುತ್ತದೆ. ಸಿಹಿನೀರನ್ನು 1 ಅಂತ ಇಟ್ಟುಕೊಂಡರೆ ಸಾಂದ್ರತೆ 1.025ರ ಆಸುಪಾಸು, ಕ್ಷಾರತೆ 7 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಹತ್ತಿರ. ಹವಳಕ್ಕೆ ಇನ್ನೇನು ಬೇಕು?

ಕಷ್ಟ ಶುರುವಾಗುವುದು ಮಳೆ ಹಿಡಿದ ಮೇಲೆ. ನೇತ್ರಾವತಿ, ಗುರುಪುರ ಹೊಳೆಗಳು ಕೆಂಪು ನೀರನ್ನು ತಂದು ಸಮುದ್ರಕ್ಕೆ ಸುರಿಯುತ್ತವೆ. ದಡದ ನೀರು ತೆಳ್ಳಗಾಗುತ್ತದೆ, ಮಣ್ಣು ಬೇರೆ. ದೂರ ಹೋಗಿ ತರೋಣ ಅಂದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಮುದ್ರ ಕಣ್ಣೆದುರೇ ಇದೆ, ಟ್ಯಾಂಕಿಗೆ ಒಂದು ಕ್ಯಾನ್ ನೀರಿಲ್ಲ. ಹಾಗಾಗಿ ಭಾವನ ಮನೆಯ ಅಟ್ಟದಲ್ಲೂ ಈಗ ಒಂದು ಡಬ್ಬಿ ರೀಫ್ ಸಾಲ್ಟ್ ಇದೆ. ಈ ವಿಷಯ ಅವರು ತಾವಾಗಿ ಹೇಳುವುದಿಲ್ಲ.

ನಾನು ಆ ನೀರನ್ನು ಬೆಂಗಳೂರಿಗೂ ತರಿಸಿ ನೋಡಿದೆ. ಒಂದು ಕ್ಯಾನ್ 20 ಕಿಲೋ ಮೀರುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಮುಚ್ಚಳದಿಂದ ಜಿನುಗಿದ ನೀರು ಕಾರಿನ ಡಿಕ್ಕಿಯ ಮ್ಯಾಟ್ ಕೆಳಗೆ ಸೇರಿದರೆ ತುಕ್ಕು ಗ್ಯಾರಂಟಿ. ವಾರಕ್ಕೆ ನೂರಕ್ಕೆ 10ರಷ್ಟು ನೀರು ಬದಲಿಸಬೇಕಾದ ಟ್ಯಾಂಕಿಗೆ ಇದು ನಡೆಯುವ ಮಾತಲ್ಲ. ಬೆಂಗಳೂರಿನಲ್ಲಿ ಪ್ಯಾಕೆಟ್ ಉಪ್ಪೇ ಸರಿ, ಬೇರೆ ಯೋಚನೆ ಬೇಡ. ಲೀಟರಿಗೆ 35ರಿಂದ 38 ಗ್ರಾಂ ಹಿಡಿಯುತ್ತದೆ. ದುಬಾರಿ ಹೌದು. ಆದರೆ ಜನವರಿಯಲ್ಲೂ ಅದೇ ನೀರು, ಜುಲೈಯಲ್ಲೂ ಅದೇ ನೀರು. ಕಲಸುವಾಗ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಉಲ್ಟಾ ಮಾಡಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಡ್ರಮ್ಮಿನಲ್ಲಿ ಹಾಲಿನ ಬಣ್ಣ ಹೋಗುವುದೇ ಇಲ್ಲ.

ಹಾಗಾದ್ರೆ ಕಲ್ಲುಪ್ಪು ಕರಗಿಸಿದ್ರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅದೂ ಸಮುದ್ರದ್ದೇ ಅಲ್ವಾ? ಆಗಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಆವಿಯಾಗುತ್ತಾ ಹೋದ ಹಾಗೆ ಮೊದಲು ಸುಣ್ಣ, ಜಿಪ್ಸಂ ಕೆಳಗಿಳಿಯುತ್ತವೆ. ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಎಲ್ಲ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ಅಂದರೆ ಕಲ್ಲುಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಹೆಚ್ಚುಕಡಿಮೆ ಹೋಗಿಬಿಟ್ಟಿರುತ್ತವೆ. ಕರಗಿಸಿದರೆ ಸಿಗುವುದು ಉಪ್ಪುನೀರು, ಸಮುದ್ರವಲ್ಲ.

ಅಳೆಯುವ ವಿಷಯ ಒಂದು ಹೇಳಲೇಬೇಕು. ನೀರಿನ ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರ್, ಭಾವನದು, ಒಂದೇ ಹನಿ ನೀರಿಗೆ ಎರಡು ಲೆಕ್ಕ ತೋರಿಸುತ್ತಿದ್ದವು. ಒಂದರಲ್ಲಿ ನೀಲಿ-ಬಿಳಿ ಗೆರೆ 1.026ರ ಮೇಲೆ, ಇನ್ನೊಂದರಲ್ಲಿ 1.023ರ ಕೆಳಗೆ. ಎರಡನ್ನೂ ಸೊನ್ನೆಗೆ ಹೊಂದಿಸಿದ್ದು ಆರ್‌ಒ ನೀರಿನಲ್ಲೇ. ಸೊನ್ನೆಯಲ್ಲಿ ಸರಿ ಇದ್ದ ಮಾತ್ರಕ್ಕೆ 35 ಪಿಪಿಟಿಯಲ್ಲೂ (ಸಾವಿರ ಪಾಲಿಗೆ 35 ಪಾಲು ಉಪ್ಪು) ಸರಿ ಇರಬೇಕೆಂದಿಲ್ಲ. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿ. ಆ ನೀರು ಮೀಟರಿನಲ್ಲಿ 35 ಪಿಪಿಟಿಯ ಸಮುದ್ರದ ನೀರಿನ ಹಾಗೇ ತೋರಿಸಬೇಕು. ಗೆರೆ ಅಲ್ಲಿಗೆ ಬರುವವರೆಗೆ ಸ್ಕ್ರೂ ತಿರುಗಿಸಿ. ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ತಕ್ಕಡಿ ಇದ್ದರೆ ಕೆಲಸ ಮುಗಿಯಿತು.

ಉಪ್ಪು ಕಲಸುವ ಸಿಹಿನೀರಿನಲ್ಲೂ ಎರಡೂರಿಗೂ ಅಜಗಜಾಂತರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು ಜಾಸ್ತಿ, ಟಿಡಿಎಸ್, ಅಂದರೆ ಕರಗಿದ ಲವಣದ ಲೆಕ್ಕ, 600 ದಾಟುತ್ತದೆ. ಆರ್‌ಒ ಆದ ಮೇಲೆ, ಉಳಿದ ಲವಣ ಹೀರುವ ಡಿಐ ರಾಳದ ಡಬ್ಬಿ ಕೂರಿಸಿ ಸೊನ್ನೆಗೆ ಇಳಿಸಬೇಕು. ಒಂದು ಲೀಟರ್ ಒಳ್ಳೆ ನೀರಿಗೆ ಮೂರು-ನಾಲ್ಕು ಲೀಟರ್ ಆಚೆ ಹೋಗುತ್ತದೆ, ಅದು ನೆಲ ಒರೆಸಲು, ಬಟ್ಟೆಗೆ. ಭಾವನದು ಮುರಕಲ್ಲಿನ ನೆಲದ ಬಾವಿ, ಮೃದು ನೀರು. ನನ್ನಲ್ಲಿ ಬೇಗ ಬಣ್ಣ ಬದಲಿಸುವ ರಾಳ ಅವರಲ್ಲಿ ಎಷ್ಟೋ ಪಟ್ಟು ಬಾಳುತ್ತದೆ. ಈ ಸುತ್ತಿನಲ್ಲಿ ಸುರತ್ಕಲ್‌ಗೆ ಪೂರ್ತಿ ಅಂಕ. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಸಾಕಲ್ವಾ ಅನ್ನುವವರು ಅದರ ಮೇಲಿನ ಚೀಟಿ ಓದಿ. ಸುಮಾರು ಮೆಷಿನ್‌ಗಳು ರುಚಿಗೆ ಅಂತ ಖನಿಜ ಸೇರಿಸುತ್ತವೆ. ಕೆಲವಂತೂ ತಾಮ್ರ ಸೇರಿಸುತ್ತವೆ. ನಮಗೆ ಒಳ್ಳೆಯದಿರಬಹುದು, ಸಿಗಡಿ, ಬಸವನಹುಳು, ಹವಳಕ್ಕೆ ತಾಮ್ರ ವಿಷ.

ಈಗ ತಂಪು. ಇಲ್ಲಿ ಬೆಂಗಳೂರು ಮೇಲುಗೈ.

ನೀರು 24ರಿಂದ 27 ಡಿಗ್ರಿ ಒಳಗೆ ಇದ್ದರೆ ನೆಮ್ಮದಿ. ಏಪ್ರಿಲ್‌ನಲ್ಲಿ ಪಂಪು, ಲೈಟಿನ ಬಿಸಿಯೂ ಸೇರಿ ನಮ್ಮಲ್ಲಿ 30 ದಾಟುತ್ತದೆ. ನಾನು ಮೊದಲು ಗೆಳೆಯನಿಂದ 1/10 ಎಚ್‌ಪಿ ಚಿಲ್ಲರ್ ತಂದು ಇಟ್ಟೆ. ನೀರು ತಣ್ಣಗಾಯಿತು, ಹಾಲ್ ಬಿಸಿಯಾಯಿತು. ನೀರಿನಿಂದ ತೆಗೆದ ಶಾಖವನ್ನು ಅದು ಕೋಣೆಗೇ ಊದುತ್ತದೆ, ಹೊರಗೆ ಹಾಕಲು ಎಸಿಯ ಹಾಗೆ ಇನ್ನೊಂದು ಡಬ್ಬಿ ಇಲ್ಲ. ಟಿವಿ ಸೌಂಡ್ ಜಾಸ್ತಿ ಮಾಡಬೇಕು. ಹೊಸದಕ್ಕೆ 20,000 ರೂಪಾಯಿ ಮೇಲೆ. ವಾಪಸ್ ಕೊಟ್ಟು, ಕಂಪ್ಯೂಟರಿಗೆ ಹಾಕುವ 12 ವೋಲ್ಟ್ ಫ್ಯಾನ್ ಎರಡನ್ನು ನೀರಿನ ಮೇಲ್ಮೈಗೆ ಓರೆಯಾಗಿ ಕಟ್ಟಿದೆ. ಮೂರು ಡಿಗ್ರಿ ಇಳಿಯಿತು. ಖರ್ಚು ಕೆಲವು ನೂರು ರೂಪಾಯಿ.

ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ದಿನಕ್ಕೆ 4-5 ಲೀಟರ್ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಒಟ್ಟು 200 ಲೀಟರಿನಲ್ಲಿ 5 ಲೀಟರ್ ಹೋದರೆ 35 ಪಿಪಿಟಿ ಇದ್ದದ್ದು ಒಂದೇ ದಿನಕ್ಕೆ 36ರ ಹತ್ತಿರ. ಹಾಗಾಗಿ ಫ್ಯಾನ್ ಹಾಕಿದರೆ ಸಂಪ್‌ಗೆ ಒಂದು ಫ್ಲೋಟ್ ವಾಲ್ವ್, ಪಕ್ಕದಲ್ಲಿ ಆರ್‌ಒ ನೀರಿನ ಕ್ಯಾನ್ ಕಡ್ಡಾಯ. ತುಂಬಿಸಬೇಕಾದ್ದು ಸಿಹಿನೀರು, ಉಪ್ಪುನೀರಲ್ಲ.

ಇದೇ ಫ್ಯಾನ್‌ಗಳನ್ನು ಸುರತ್ಕಲ್‌ಗೆ ಒಯ್ದು ಕಟ್ಟಿದೆವು. ಇಳಿದದ್ದು ಕಷ್ಟಪಟ್ಟು ಒಂದು ಡಿಗ್ರಿ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ? ಅಲ್ಲಿ ಚಿಲ್ಲರ್ ಬೇಕೇ ಬೇಕು. ಭಾವ ಅದನ್ನು ಹಿಂದಿನ ಜಗಲಿಯಲ್ಲಿ ಇಟ್ಟು, ಗೋಡೆ ಕೊರೆದು ಪೈಪ್ ಎಳೆದರು. ಬಿಸಿ, ಸದ್ದು ಎರಡೂ ಹೊರಗೆ. ಸಮುದ್ರದ ನೀರಿನಲ್ಲಿ ಉಳಿಸಿದ ದುಡ್ಡೆಲ್ಲ ಚಿಲ್ಲರಿಗೆ ಹೋಯಿತು ಅಂತ ಅಕ್ಕ ಲೆಕ್ಕ ಒಪ್ಪಿಸುತ್ತಾಳೆ.

ಕಲ್ಲಿನ ವಿಷಯಕ್ಕೆ ಬಂದರೆ ಒಂದು ದಾರಿಯನ್ನು ಮೊದಲೇ ಮುಚ್ಚಬೇಕು. "ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗ್ತೀರಲ್ಲ, ಒಂದು ಹವಳದ ಕಲ್ಲು ತನ್ನಿ" ಅನ್ನುವವರಿದ್ದಾರೆ. ರೀಫ್ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಶಿಷ್ಟ 1ಕ್ಕೆ 2001ರಲ್ಲೇ ಸೇರಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸತ್ತ ಹವಳದ ತುಂಡನ್ನು ತಂದರೂ ಅಪರಾಧವೇ. ನಮ್ಮ ಟ್ಯಾಂಕ್‌ಗಳಲ್ಲಿ ಇರುವುದು ಜೋವಾಂಥಿಡ್, ಮಶ್ರೂಮ್, ಜೀನಿಯಾ, ಲೆದರ್ ಥರದ ಮೆತ್ತನೆಯ ಹವಳಗಳು, ಬೇರೆ ಹವ್ಯಾಸಿಗಳು ತಮ್ಮ ಟ್ಯಾಂಕಿನಿಂದ ಕತ್ತರಿಸಿ ಕೊಟ್ಟ ತುಂಡುಗಳು. ಮೀನು ಅಂದರೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್. ಅವುಗಳ ಮರಿ ಮಾಡಿಸುವ ಕ್ರಮವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ನಮ್ಮ ದೇಶದಲ್ಲೇ ರೂಪಿಸಿದ್ದಾರೆ, ಸಮುದ್ರದಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವೇ ಇಲ್ಲ.

ನಾನು ಅಂಗಡಿಯ ಒಣಕಲ್ಲು ಕೊಂಡೆ. ಹಗುರ, ತೂತು ತೂತು, ತೊಳೆದು ಇಟ್ಟರೆ ಆಯಿತು. ಭಾವ ತಾವೇ ಕಲ್ಲು ಮಾಡಿದರು. ಒಂದು ಪಾಲು ಬಿಳಿ ಸಿಮೆಂಟ್‌ಗೆ ನಾಲ್ಕು ಪಾಲು ಚಿಪ್ಪಿನ ನುಚ್ಚು ಮತ್ತು ಕಲ್ಲುಪ್ಪು. ನುಚ್ಚು ಅಂದರೆ ಕೋಳಿ ಆಹಾರಕ್ಕೆ ಮಾರುತ್ತಾರಲ್ಲ, ಅದೇ. ಒದ್ದೆ ಮರಳಿನಲ್ಲಿ ಕೈಯಿಂದ ಗುಳಿ ತೋಡಿ, ಒಳಗೆ ಈ ಗಟ್ಟಿ ಮಿಶ್ರಣ ಹಾಕಿ, ನಡುವೆ ಮರಳಿನ ಉಂಡೆ ಇಟ್ಟು ಮುಚ್ಚಿದರು. ಗಟ್ಟಿಯಾದ ಮೇಲೆ ಉಂಡೆ ಕೆರೆದು ತೆಗೆದರೆ ಗುಹೆ. ನೀರಿನಲ್ಲಿ ಮುಳುಗಿಸಿದಾಗ ಉಪ್ಪು ಕರಗಿ ಸಣ್ಣ ಸಣ್ಣ ತೂತು. ಅಂದವಾಗಿತ್ತು, ಒಪ್ಪಿಕೊಳ್ಳಬೇಕು. ಆದರೆ ಹೊಸ ಸಿಮೆಂಟ್ ನೀರಿನ ಪಿಎಚ್ ಅನ್ನು 11ರ ಮೇಲೆ ಒಯ್ಯುತ್ತದೆ. ಬಾವಿಕಟ್ಟೆಯ ಪಕ್ಕದ ತೊಟ್ಟಿಯಲ್ಲಿ ನೀರು ಬದಲಿಸುತ್ತಾ ವಾರಗಟ್ಟಲೆ ಕಾಯಬೇಕಾಯಿತು, 8.3ರ ಹತ್ತಿರ ಬರುವ ತನಕ. ಬಾವಿ, ಅಂಗಳ, ತಾಳ್ಮೆ ಮೂರೂ ಇದ್ದವರು ಮಾಡಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ, ಆರ್‌ಒ ನೀರಿಗೇ ಪರದಾಡುತ್ತಾ, ಬೇಡ. ಯಾವ ಕಲ್ಲಾದರೂ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಸಿ, ಮೀನಿಗೆ ವಿಷವಾದ ಅಮೋನಿಯ, ನೈಟ್ರೈಟ್ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು.

ಫಿಲ್ಟರ್‌ಗೆ ನನ್ನದು ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ಎತ್ತುವ ಪ್ರೋಟೀನ್ ಸ್ಕಿಮ್ಮರ್, ಅವರದು ಸಂಪ್‌ನಲ್ಲಿ ಕೀಟೋ ಪಾಚಿ. ಸ್ಕಿಮ್ಮರ್ ಕಪ್ಪಿನಲ್ಲಿ ಸೇರುವ ಕಂದು ನೊರೆಯನ್ನು ಒಮ್ಮೆ ಮೂಸಿದರೆ ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಜೊತೆಗೆ ನೀರಿಗೆ ಗಾಳಿಯೂ ಸೇರುತ್ತದೆ. ಕೀಟೋ ಸುಮ್ನೆ ಬೆಳೆಯುತ್ತದೆ, ತಿಂಗಳಿಗೊಮ್ಮೆ ಒಂದು ಹಿಡಿ ಕಿತ್ತು ಎಸೆದರೆ ಮೀನಿನ ಗಲೀಜಿನಿಂದ ಸೇರುವ ನೈಟ್ರೇಟ್ ಅದರ ಜೊತೆ ಹೋಯಿತು. ಅದರ ದೀಪವನ್ನು ರಾತ್ರಿ ಹೊತ್ತು ಉರಿಸಿದರೆ ಪಿಎಚ್ ಬೀಳುವುದೂ ಕಡಿಮೆ. ಎರಡೇ ಮೀನು, ಮೆತ್ತನೆಯ ಹವಳ ಇದ್ದರೆ ಪಾಚಿ ಸಾಕು. ಮೀನು ಜಾಸ್ತಿ ಆದರೆ ಸ್ಕಿಮ್ಮರ್.

ಲೈಟಿಗೆ ಜಾಸ್ತಿ ಹೇಳುವುದಿಲ್ಲ. ಎಲೆಕ್ಟ್ರಿಕ್ ಅಂಗಡಿಯ ಬಿಳಿ ಫ್ಲಡ್‌ಲೈಟಿನಲ್ಲಿ ಹವಳ ಬದುಕಿತು, ಬಣ್ಣ ಕಳೆದುಕೊಂಡಿತು, ಪಾಚಿ ಹಬ್ಬ ಮಾಡಿತು. 450 ನ್ಯಾನೋಮೀಟರಿನ ರಾಯಲ್ ಬ್ಲೂ ಎಲ್‌ಇಡಿಗಳನ್ನು ಬಿಳಿಯವುಗಳ ಜೊತೆ ಹೀಟ್‌ಸಿಂಕ್ ಮೇಲೆ ನಾವೇ ಕೂರಿಸಿದ್ದು ಎರಡೂ ಕಡೆ ಚೆನ್ನಾಗಿ ನಡೆದಿದೆ. ಇದರಲ್ಲಿ ಊರಿನ ವ್ಯತ್ಯಾಸ ಇಲ್ಲ.

ಕರೆಂಟ್ ಹೋಗುವುದು ಮಾತ್ರ ಎರಡೂ ಕಡೆ ಇದೆ, ರೀತಿ ಬೇರೆ. ನಮ್ಮಲ್ಲಿ ಅರ್ಧ ಗಂಟೆ, ಒಂದು ಗಂಟೆ. ಅಲ್ಲಿ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಇಡೀ ರಾತ್ರಿ. ಮೇಲಿನ ನೀರು ಸಂಪ್‌ಗೆ ಇಳಿಯಲು ನಾನು ಟ್ಯಾಂಕಿನ ಗಾಜಿಗೇ ಡೈಮಂಡ್ ಬಿಟ್‌ನಿಂದ ತೂತು ಕೊರೆದು ಪೈಪ್ ಇಳಿಸಿದ್ದೆ. ಟಫನ್ಡ್ ಗಾಜಾದರೆ ಕೊರೆಯಲು ಹೋಗಬೇಡಿ, ಪುಡಿಪುಡಿಯಾಗುತ್ತದೆ. ಭಾವ ಗಾಜಿಗೆ ಕೈ ಹಚ್ಚದೆ ಅಂಚಿಗೆ ನೇತುಹಾಕುವ ಸೈಫನ್ ಬಾಕ್ಸ್ ಹಾಕಿದ್ದರು. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಸೈಫನ್‌ನಲ್ಲಿ ಗಾಳಿ ಸೇರಿ ನೀರು ಇಳಿಯುವುದು ನಿಂತಿತು. ಕೆಳಗಿನ ಪಂಪ್‌ಗೆ ಅದು ಹೇಗೆ ಗೊತ್ತಾಗಬೇಕು? ಮೇಲಕ್ಕೆ ಎತ್ತುತ್ತಲೇ ಇತ್ತು. ಬೆಳಿಗ್ಗೆ ಹಾಲ್ ತುಂಬ ಉಪ್ಪುನೀರು, ಸೋಫಾದ ಕಾಲು ನೆನೆದಿತ್ತು, ಅಕ್ಕ ಸರಿಯಾಗಿ ಮಂಗಳಾರತಿ ಎತ್ತಿದಳು. ಈ ಹೋಲಿಕೆಗೆ ಊರಿನ ನೆಪ ಬೇಡ, ಕೊರೆದ ಟ್ಯಾಂಕೇ ಎಲ್ಲ ಕಡೆ ಸರಿ. ಪಂಪ್ ನಿಂತಾಗ ಮೇಲಿನಿಂದ ಇಳಿದು ಬರುವ ನೀರಿಗೆ ಸಂಪ್‌ನಲ್ಲಿ ಜಾಗ ಬಿಟ್ಟಿರಬೇಕು, ಅಷ್ಟೇ. ಇಬ್ಬರೂ ಈಗ ವೇವ್‌ಮೇಕರ್ ಒಂದನ್ನೇ ಇನ್ವರ್ಟರ್‌ಗೆ ಕೊಟ್ಟಿದ್ದೇವೆ. ನೀರು ಕದಲುತ್ತಿದ್ದರೆ ಆಮ್ಲಜನಕಕ್ಕೆ ತೊಂದರೆಯಿಲ್ಲ, ಲೈಟ್, ಸ್ಕಿಮ್ಮರ್, ಚಿಲ್ಲರ್ ಕೆಲವು ಗಂಟೆ ಇಲ್ಲದಿದ್ದರೂ ನಡೆಯುತ್ತದೆ.

ಭಾವ ಮೀನುಗಳನ್ನು ಡ್ರಮ್ಮಿಗೆ ಬಿಟ್ಟು ಟ್ಯಾಂಕ್ ಖಾಲಿ ಮಾಡಿ ತೂತು ಕೊರೆಸುವುದು ಅಂತ ತೀರ್ಮಾನವಾಗಿದೆ, ದೋಣಿಗಳು ಮತ್ತೆ ಇಳಿದು ನೀರು ತಿಳಿಯಾದ ಮೇಲೆ. ಡೈಮಂಡ್ ಬಿಟ್ ನನ್ನದೇ ಒಯ್ಯುತ್ತೇನೆ. ಬರುವಾಗ ಒಂದು ಹಿಡಿ ಕೀಟೋ ತಂದು ಸ್ಕಿಮ್ಮರ್ ಪಕ್ಕ ಹಾಕುವವನಿದ್ದೇನೆ.